ಬೆರಳು ಸಿಸ್ಟರ್

ಮಗಳ ಹೊಟ್ಟೆಯನ್ನು ತಾನು ಸರಿಯಾಗಿ ಮುಟ್ಟಿ ನೋಡುತ್ತಿದ್ದೇನೆಯೇ ಎಂಬ ಚಿಂತೆ ಆ ಎಳೆಯ ತಾಯಿಯನ್ನು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಮುಟ್ಟುವುದನ್ನು ಕಲಿಸಿದವರು ರಕ್ತರೋಗದ ವಾರ್ಡಿನ ಹಿರಿಯ ನರ್ಸ್. ತಾಯಂದಿರ ಬಾಯಲ್ಲಿ ‘ಬೆರಳು ಸಿಸ್ಟರ್’. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿ ಬೆಚ್ಚಗೆ ಮಾಡಿಕೊಳ್ಳದೆ ಅವರು ಯಾವ ಮಗುವನ್ನೂ ಮುಟ್ಟಿದವರಲ್ಲ. ಕುಡುಗೋಲಿನಂತೆ ಬಾಗುವ ರಕ್ತಕಣಗಳೊಂದಿಗೆ ಹುಟ್ಟಿದ ಮಕ್ಕಳಲ್ಲಿ ತಣ್ಣನೆಯ ಸ್ಪರ್ಶವೂ ನೋವನ್ನು ಕೆರಳಿಸೀತೆಂಬ ಎಚ್ಚರ ಅವರದು. ದೊಡ್ಡ ಡಾಕ್ಟರು ಬಾಗಿಲಲ್ಲಿ ಕಾಯುತ್ತಿದ್ದರೂ ಆ ಕೈಗಳು ತಮ್ಮ ಹೊತ್ತಿಗೇ ಹೊರಬರುತ್ತಿದ್ದವು.

ಖಾಲಿ ಕಾರಿಡಾರಿನಲ್ಲೂ ಗುಂಪನ್ನು ಸೀಳಿಕೊಂಡು ಹೋಗುವವರಂತೆ ಎಡಭುಜ ಮುಂದೆ ಮಾಡಿದ ಓರೆನಡಿಗೆ. ಬೇಸಿಗೆಯಲ್ಲೂ ಬಿಡದ ಬೂದು ಸ್ವೆಟರು. ಅದರ ಜೋತುಬಿದ್ದ ಜೇಬಿನಲ್ಲಿ ಎರಡು ಥರ್ಮಾಮೀಟರು, ಒಂದನ್ನೇ ನಂಬಿ ಕೂರಬಾರದೆಂದು. ಏನು ಹೇಳಿಕೊಟ್ಟರೂ ಕೊನೆಗೆ, “ತಿಳೀತಾ? ಈಗ ನೀವು ಹೇಳಿ ನೋಡೋಣ.” ಓದು ಬಲ್ಲ ತಾಯಂದಿರೂ ಅವರೆದುರು ಶಾಲೆಯ ಮಕ್ಕಳಂತೆ ತೊದಲುತ್ತಿದ್ದರು.

ಒಮ್ಮೆ ಒಬ್ಬ ತಂದೆ, ಜ್ವರದಲ್ಲಿ ಬೇಯುತ್ತಿದ್ದ ಮಗನನ್ನು ಒಂದು ದಿನ ತಡವಾಗಿ ಕರೆತಂದ. “ಭಾನುವಾರ ನಿಮಗ್ಯಾಕೆ ತೊಂದರೆ ಅಂತ ಸುಮ್ನಿದ್ದೆ ಸಿಸ್ಟರ್.” ಅವರು ಹುಡುಗನನ್ನು ಎತ್ತಿಕೊಂಡು ಒಳಗೆ ನಡೆದರು. ಹುಡುಗ ಕಣ್ಣು ಬಿಟ್ಟ ಮೂರನೆಯ ದಿನ ಮಾತ್ರ, ಹೊದಿಕೆ ಮಡಚುತ್ತ, “ಇಷ್ಟು ಸಂಕೋಚಕ್ಕೆ ನೀವೇನು ನನ್ನ ಹೊಸ ಅಳಿಯಾನಾ? ಮೊದ್ಲು ಫೋನ್ ಮಾಡಿ, ಮರ್ಯಾದೆ ಆಮೇಲೆ!” ಎಂದರು.

ಈ ತಾಯಿಗೋ ಆ ಸಂಕೋಚವೇ ಈಗ ಕೊರಳಿಗೆ ಬಿದ್ದಿತ್ತು. ಹೋದ ವಾರ ಮೂರು ಸಲ ಫೋನ್ ಮಾಡಿದ್ದಳು; ಮೂರೂ ಸಲ ಸುಳ್ಳು ಗಾಬರಿ. ಒಂದಂತೂ ಚಡ್ಡಿಯ ಬಿಗಿ ಎಲಾಸ್ಟಿಕ್ಕಿನ ಗುರುತು. “ಒತ್ತಿ ಒತ್ತಿ ಮಗೂನ ಇಸ್ತ್ರಿ ಮಾಡ್ತಿದ್ದೀಯಾ?” ಎಂದು ಗಂಡ ನಕ್ಕಿದ್ದ.

ಇಂದು ಮಧ್ಯಾಹ್ನ ಮೂರು ವರ್ಷದ ಮಗಳು ಗೊಂಬೆಯನ್ನು ಬಿಟ್ಟು ನೆಲಕ್ಕೇ ಒರಗಿದಳು. ಜ್ವರವಿಲ್ಲ, ತುಟಿ ಮಾತ್ರ ಬಿಳಿಚಿತ್ತು. ಬೆಳಿಗ್ಗೆ ಎಡ ಪಕ್ಕೆಲುಬಿನಿಂದ ಒಂದೇ ಬೆರಳು ಕೆಳಗೆ ಸಿಕ್ಕಿದ್ದ ಗುಲ್ಮದ, ಎಂದರೆ ಸ್ಪ್ಲೀನಿನ, ಅಂಚು ಈಗ ಸಿಗಲೇ ಇಲ್ಲ.

“ಏನೂ ಸಿಗ್ತಿಲ್ಲ ಅತ್ತೆ.”

“ಸಿಗದಿದ್ರೆ ಒಳ್ಳೇದೇ ಅಲ್ವೇನಮ್ಮಾ? ಮಲಗಿಸು.”

ಮಲಗಿಸಿದಳು. ಆದರೂ ಬೆರಳುಗಳಿಗೆ ಸಮಾಧಾನವಿಲ್ಲ: ಅಂಚು ಇರಲಿಲ್ಲ, ಸರಿ, ಆದರೆ ಅಲ್ಲೆಲ್ಲ ಮೆತ್ತಗೂ ಇರಲಿಲ್ಲವಲ್ಲ? ಆಗ ಹೊಳೆಯಿತು. ಅವಸರದಲ್ಲಿ ತಾನು ಮೇಲಿನಿಂದ ಕೆಳಕ್ಕೆ ಒತ್ತಿದ್ದಳು! ಗುಲ್ಮ ಹಠಾತ್ತನೆ ಮೈಯ ರಕ್ತವನ್ನೆಲ್ಲ ತನ್ನೊಳಗೆ ತಡೆದಿಟ್ಟುಕೊಂಡು ಊದಿದರೆ ಕೆಲವೇ ಗಂಟೆಗಳಲ್ಲಿ ಮಗು ಕೈತಪ್ಪಬಹುದೆಂದು ತಿಳಿಸಿದ್ದ ದಿನ ಸಿಸ್ಟರ್ ಹೇಳಿದ್ದರು: “ಹೊಕ್ಕುಳ ಕೆಳಗಿಂದ ಹತ್ತಿ ಬನ್ನಿ. ಪಕ್ಕೆಲುಬಿಂದ ಇಳಿದ್ರೆ, ಅದರ ಮೇಲೇ ನಿಂತ್ಕೊಂಡು ಅದೆಲ್ಲಿದೆ ಅಂತ ಹುಡುಕ್ತೀರಿ.”

ಕೆಳಗಿನಿಂದ ಹತ್ತಿದಳು. ಹೊಕ್ಕುಳಿನ ಹತ್ತಿರವೇ ಗಟ್ಟಿ ಅಂಚು ಬೆರಳಿಗೆ ತಾಗಿತು.

ನಾಲ್ಕನೆಯ ಸಲ. ನಾಚಿಕೆಯಾಗುತ್ತಿದ್ದರೂ ಹೆಬ್ಬೆರಳು ನಂಬರನ್ನು ಒತ್ತಿತು.

“ಸಿಸ್ಟರ್, ಮತ್ತೆ ನಾನೇ... ಕ್ಷಮಿಸಿ...”

“ಕ್ಷಮೆ ಇರ್ಲಿ. ವಿಷಯ?”

“ಬೆಳಿಗ್ಗೆ ಒಂದು ಬೆರಳಿತ್ತು, ಈಗ ನಾಲ್ಕು. ತುಟಿಯಲ್ಲಿ ಬಣ್ಣವೇ ಇಲ್ಲ.”

“ಈಗಲೇ ಹೊರಡಿ. ರಕ್ತ ತರಿಸಿಡೋಕೆ ಹೇಳ್ತೀನಿ. ಲೈನ್ ಮಾತ್ರ ಕಟ್ ಮಾಡ್ಬೇಡಿ.”

ಹೆದರಬೇಡಿ ಎನ್ನುವುದನ್ನು ಇಂಥವರು ಎಂದೋ ಬಿಟ್ಟಿರುತ್ತಾರೆ. ಒಂಬತ್ತು ಸುಳ್ಳು ಗಾಬರಿಗಳಿಗೆ ಗೊಣಗದೆ ಕಿವಿಗೊಡುವುದು, ಹತ್ತನೆಯದು ದಾರಿ ತಪ್ಪದೆ ತಮ್ಮನ್ನು ಬಂದು ತಲುಪಲಿ ಎಂಬ ಒಂದೇ ಆಸೆಯಿಂದ. ಮಗುವನ್ನು ಹೆಗಲಿಗೆ ಹಾಕಿಕೊಂಡು ಆಕೆ ಮೆಟ್ಟಿಲಿಳಿಯುತ್ತಿದ್ದಳು. ಫೋನಿನ ಆ ಕಡೆ ಓರೆನಡಿಗೆಯ ಹೆಜ್ಜೆಗಳು ಆಗಲೇ ಓಡತೊಡಗಿದ್ದವು.