ಹಾರದೆ ಕಾದ ಡ್ರೋನ್

ಡ್ರೋನನ್ನು ಚಾಲು ಮಾಡಿ ನೆಲದ ಮೇಲೆ ಸುಮ್ಮನೆ ಇಡಬಾರದು ಎಂಬುದು ಆಮ್ರಪಾಲಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವಳೂ ಅವಳ ಗಂಡ ಕಪಿಲನೂ ಬೀದರಿನ ನೌಬಾದದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಮದುವೆಗಳಲ್ಲಿ ಕಪಿಲ ಕ್ಯಾಮೆರಾ ಹಿಡಿದರೆ ಡ್ರೋನ್ ಹಾರಿಸುವುದು ಇವಳ ಕೆಲಸ. ರೆಕ್ಕೆ ಮಡಚಿದರೆ ಅಂಗೈಯಲ್ಲಿ ಕೂರುವಷ್ಟು ಸಣ್ಣ ಯಂತ್ರ. ಮೇಲೆ ಹಾರುವಾಗ ಗಾಳಿ ಬಡಿದು ತಣ್ಣಗಿರುತ್ತದೆ. ಚಾಲು ಇದ್ದು ಕೆಳಗೆ ಕೂತರೆ ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಕಾಯುತ್ತಲೇ ಹೋಗುತ್ತದೆ.

ಅಂದು ಔರಾದ ತಾಲೂಕಿನ ಎಕಂಬಾದಲ್ಲಿ ಕಾಶೀನಾಥರ ಮಗಳು ಕಾಜಲಳ ಮದುವೆ. ಮೇ ತಿಂಗಳು. ಬೆಳಿಗ್ಗೆ ಅರಿಶಿನದ ಶಾಸ್ತ್ರಕ್ಕೆ ಮುತ್ತೈದೆಯರು ಹೊಸ್ತಿಲು ದಾಟಿ ಬರುವಾಗ ಆಮ್ರಪಾಲಿಯ ಡ್ರೋನ್ ಇನ್ನೂ ಸಿಗ್ನಲ್ ಹುಡುಕುತ್ತಿತ್ತು. ಅದು ಮೇಲೇಳುವಷ್ಟರಲ್ಲಿ ಎಲ್ಲರೂ ಬಂದು ಕೂತಾಗಿತ್ತು. ಕಾಶೀನಾಥರು ಸಿಟ್ಟಾಗಲಿಲ್ಲ. ಆದರೆ ಮಧ್ಯಾಹ್ನ ಡಾಬಕಾದಿಂದ ಬೀಗರ ದಿಬ್ಬಣ ಹೊರಟಿತೆಂದು ಫೋನ್ ಬಂದಾಗ ಅವಳ ಹತ್ತಿರ ಬಂದು ನಿಂತರು.

"ಮೇಡಂ, ಮುಂಜಾನಿ ಆದಂಗ ಆಗಬಾರದ್ರಿ. ಬರಾತ್ ಊರ ಬಾಗಲಿಗಿ ಬಂದಾಗ ಅದು ಮ್ಯಾಲೇ ಇರಬೇಕು. ಈಗಿಂದs ಚಾಲು ಇಡ್ರಿ."

"ಬಿಸಿ ಆಗ್ತದ್ರಿ ಅದು."

"ನೆರಳಾಗ ಇಡ್ರಿ. ಏನಾಗ್ತದ?"

ಇಲ್ಲವೆನ್ನಬಹುದಿತ್ತು. ಬೆಳಗಿನ ತಪ್ಪು ನೆನಪಾಗಿ ಅವಳು ಒಪ್ಪಿಕೊಂಡಳು. ಹಂದರದ ಅಂಚಿನಲ್ಲಿ ಕುರ್ಚಿಯೊಂದರ ಮೇಲೆ ಡ್ರೋನ್ ಇಟ್ಟು ಚಾಲು ಮಾಡಿದಳು. ಹಂದರದ ನೆರಳೆಂದರೆ ಹೆಸರಿಗಷ್ಟೇ ನೆರಳು. ಬಟ್ಟೆಯ ಕೆಳಗೆ ಗಾಳಿಯೇ ಇರಲಿಲ್ಲ. ಬರಾತಿನ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿದೆಯೆಂದು ಸುದ್ದಿ ಬಂತು. ಈಗ ಬಂದರು, ಆಗ ಬಂದರು ಎನ್ನುತ್ತಲೇ ಹೊತ್ತು ಹೋಯಿತು. ಡ್ರೋನಿನ ಹೊಟ್ಟೆಯೊಳಗಿನ ಸಣ್ಣ ಫ್ಯಾನು ಜೇನುನೊಣದಂತೆ ಗುಂಯ್‌ಗುಡುತ್ತಿತ್ತು.

ಆ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹಂದರದೊಳಗೆ ಬಂದಳು. ಊರಂಚಿನಲ್ಲಿ ಕುರಿ ಸಾಕಿಕೊಂಡಿದ್ದ ಸತ್ಯಮ್ಮ. ಮದುವೆಗೆ ಬಂದವಳ ಹಾಗೆ ಕಾಣಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಣ್ಣಾರs, ಕುರಿ ಅಷ್ಟs ಮನಿಗಿ ಬಂದಾವ್ರಿ. ಅವ ಬಂದಿಲ್ಲ."

ಅವಳ ಗಂಡ ಬಕ್ಕಪ್ಪ ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಕುರಿ ಹೊಡೆದುಕೊಂಡು ಹೋಗಿ, ಬಿಸಿಲು ಏರುವುದರೊಳಗೆ ತಿರುಗಿ ಬರುವ ಮನುಷ್ಯ. ಇಂದು ಕುರಿಗಳು ತಾವೇ ದೊಡ್ಡಿಗೆ ಬಂದಿದ್ದವು. ನಾಯಿಯೂ ಬಂದಿರಲಿಲ್ಲ. ಸತ್ಯಮ್ಮ ಗುಡ್ಡದ ಬುಡದ ತನಕ ಹೋಗಿ ಕೂಗಿದ್ದಳು. ಭಾಲ್ಕಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಮಗ ಓಂಪ್ರಕಾಶನಿಗೆ ಫೋನ್ ಮಾಡಿದ್ದಳು. ಅವನು ಹೊರಟಿದ್ದ, ಆದರೆ ದೂರ.

ಕಾಶೀನಾಥರು ಕೆಟ್ಟವರಲ್ಲ. ಒಂದು ಗಳಿಗೆಯೂ ಯೋಚಿಸಲಿಲ್ಲ. "ಮೇಡಂ, ಬರಾತ್ ಹಾಳಾಗ್ಲಿ, ಮೊದಲ ಅವನ್ನ ನೋಡ್ರಿ. ಗುಡ್ಡದ ಕಡಿ ಹಾರಸ್ರಿ" ಎಂದರು. ಅವನನ್ನು ಹುಡುಕಲು ಹೊರಟಿದ್ದ ನಾಲ್ಕಾರು ಹುಡುಗರೂ ನಿಂತರು. ಮೇಲಿಂದ ನೋಡಿದರೆ ಎರಡು ನಿಮಿಷದಲ್ಲಿ ಸಿಗುತ್ತಾನೆ, ಸುಮ್ಮನೆ ಬಿಸಿಲಲ್ಲಿ ಯಾಕೆ ಅಲೆಯಬೇಕು ಎಂದು ಯಾರೋ ಅಂದರು. ಅದು ಎಲ್ಲರಿಗೂ ಸರಿ ಕಂಡಿತು.

ಆಮ್ರಪಾಲಿ ಡ್ರೋನನ್ನು ಅಂಗಳಕ್ಕೆ ತಂದಳು. ಎತ್ತುವಾಗಲೇ ಬೆರಳು ಚುರುಕ್ಕೆಂದಿತು. ಗುಂಡಿ ಒತ್ತಿದಳು. ರೆಕ್ಕೆ ತಿರುಗಲಿಲ್ಲ. ಫೋನಿನ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಯಂತ್ರ ಬಹಳ ಬಿಸಿಯಾಗಿದೆ, ತಣ್ಣಗಾಗುವ ತನಕ ಮೋಟರ್ ಚಾಲು ಆಗುವುದಿಲ್ಲ.

"ಏನಾತು?" ಕಪಿಲ ಕೇಳಿದ.

"ಕಾದದ." ಅವಳು ಬಂದ್ ಮಾಡಿ ಬ್ಯಾಟರಿ ತೆಗೆದಳು. "ಐದು ಮಿನಿಟ್ ತಡೀರಿ. ಈಗ ಹಾರ್ತದ."

ಯಾರೋ ಶರಬತ್ತಿನ ಡ್ರಮ್ಮಿನಿಂದ ಐಸಿನ ತುಂಡು ತಂದರು. ನೀರು ಒಳಗಿಳಿದರೆ ಮುಗಿಯಿತು ಎಂದು ಅವಳು ಅವರ ಕೈ ಸರಿಸಿದಳು. ಒಂದು ಟೇಬಲ್ ಫ್ಯಾನ್ ಬಂತು. ಅದರ ಮುಂದೆ ಡ್ರೋನ್ ಹಿಡಿದು ಕೂತಳು. ಫ್ಯಾನಿನ ಗಾಳಿಯೂ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಸುತ್ತ ಜನ ಒತ್ತಿ ನಿಂತಿದ್ದರು. ಸರಿಯಿರಿ, ಗಾಳಿ ಬರಲಿ ಎಂದು ಕಪಿಲ ಅವರನ್ನು ಹಿಂದೆ ತಳ್ಳಿದ. ಬ್ಯಾಟರಿ ಹಾಕಿ ನೋಡಿದಳು, ಅದೇ ಕೆಂಪು ಅಕ್ಷರ. "ಇನ್ನ ಜರಾ ತಡೀರಿ" ಎಂದಳು. ಮತ್ತೆ ತೆಗೆದಳು. ಮತ್ತೆ ಹಾಕಿದಳು. ಮತ್ತೆ ಅದನ್ನೇ ಹೇಳಿದಳು.

ಸತ್ಯಮ್ಮ ಅಷ್ಟು ಹೊತ್ತೂ ನಿಂತೇ ಇದ್ದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಕೊನೆಗೆ ತಿರುಗಿ ಒಬ್ಬಳೇ ಗುಡ್ಡದ ದಾರಿ ಹಿಡಿದಳು. ಅವಳು ಹೋದದ್ದು ಆಮ್ರಪಾಲಿಯ ಕಣ್ಣಿಗೆ ಬೀಳಲಿಲ್ಲ. ಅವಳ ಕಣ್ಣೆಲ್ಲ ಪರದೆಯ ಮೇಲಿತ್ತು.

ಅಂತೂ ರೆಕ್ಕೆ ತಿರುಗಿತು. ಡ್ರೋನ್ ಮನೆಗಳ ಮೇಲೆ ಎದ್ದು ಗುಡ್ಡದ ಕಡೆ ಹೋಯಿತು. ಬಿಸಿಲಿನ ಝಳಕ್ಕೆ ಪರದೆಯಲ್ಲಿ ನೆಲವೇ ಕುದಿಯುವ ಹಾಗೆ ಕಾಣುತ್ತಿತ್ತು. ತೊಗರಿ ಕಟಾವಾದ ಬರೀ ಹೊಲ, ಕರೀ ಕಲ್ಲು, ಜಾಲಿಗಿಡ. ಪ್ರತಿ ಕಲ್ಲೂ ಒಬ್ಬ ಮನುಷ್ಯ ಬಿದ್ದುಕೊಂಡ ಹಾಗಿತ್ತು. ರಸ್ತೆಗೆಂದು ಮೊರಂ ಮಣ್ಣು ತೆಗೆದ ಹಳೆಯ ಗುಂಡಿಯ ಅಂಚಿನಲ್ಲಿ ಏನೋ ಸಣ್ಣದು ಆ ಕಡೆ ಈ ಕಡೆ ಓಡಾಡುತ್ತಿತ್ತು. ಅವಳು ಡ್ರೋನನ್ನು ಕೆಳಗಿಳಿಸಿದಳು. ನಾಯಿ. ಗುಂಡಿಯೊಳಗೆ ಕಂಬಳಿಯ ಒಂದು ತುದಿ, ಎರಡು ಕಾಲು.

"ಮೊರಂ ಗುಂಡಿ" ಎಂದಳು. ಕಪಿಲ ಅದನ್ನೇ ಕೂಗಿ ಹೇಳಿದ. ಅಂಗಳದಲ್ಲಿ ಸಾಲಾಗಿ ನಿಂತಿದ್ದ ಮೋಟರ್‌ಸೈಕಲ್ಲುಗಳು ಒಮ್ಮೆಲೇ ಚಾಲು ಆದವು.

ಬಿಸಿಲು ಬಡಿದು ಬಿದ್ದಿದ್ದ ಬಕ್ಕಪ್ಪನನ್ನು ಜೀಪಿನಲ್ಲಿ ಹಾಕಿ ಔರಾದಿನ ಆಸ್ಪತ್ರೆಗೆ, ಅಲ್ಲಿಂದ ಬೀದರಿಗೆ ಒಯ್ದರು. ಉಸಿರಿತ್ತು, ಮಾತಿರಲಿಲ್ಲ. ಇತ್ತ ಡಾಬಕಾದ ಬೀಗರು ಹಲಗೆ ಬಾರಿಸುತ್ತ ಬಂದರು. ಕಾಶೀನಾಥರು ಕೈ ಮುಗಿದು ಕೇಳಿಕೊಂಡರು, ಮಗಳ ಮದುವೆ. ಆಮ್ರಪಾಲಿ ಬೇರೆ ಬ್ಯಾಟರಿ ಹಾಕಿ ಬರಾತಿನ ಮೇಲೆ ಡ್ರೋನ್ ಹಾರಿಸಿದಳು. ಆ ಚಿತ್ರವೂ ನೆಟ್ಟಗೆ ಬರಲಿಲ್ಲ.

ಮೂರನೆಯ ದಿನ ಬಕ್ಕಪ್ಪ ತೀರಿಕೊಂಡ. ನೌಬಾದದ ಮನೆಯಲ್ಲಿ ಆಮ್ರಪಾಲಿ ಅಡುಗೆ ಮಾಡುತ್ತಿದ್ದಳು, ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದಳು, ಉಣ್ಣುತ್ತಿರಲಿಲ್ಲ.

"ನೀ ಇರಲಿಲ್ಲಂದ್ರ ಸಿಗ್ತಿದ್ದಿಲ್ಲ ಅವ" ಎಂದ ಕಪಿಲ.

"ನಾ ಇದ್ದೆ ಅಂತs ತಡಾ ಆತೇನೋ."

"ಹಂಗ್ಯಾಕ ಅಂತಿ?"

ಅವಳು ತಟ್ಟೆ ಸರಿಸಿ ಎದ್ದಳು. ಒಂದು ವಾರದ ಮೇಲೆ ಇಬ್ಬರೂ ಎಕಂಬಾಕ್ಕೆ ಹೋದರು.

ಓಂಪ್ರಕಾಶ ಬಾಗಿಲಲ್ಲೇ ಕೂತಿದ್ದ. ಎದ್ದು ಜಾಗ ಕೊಟ್ಟ. ಸಿಟ್ಟಿನ ಮಾತಾಡಲಿಲ್ಲ. "ಜರಾ ಮೊದಲ ತಂದಿದ್ರ ನೋಡಬಹುದಿತ್ತು ಅಂದ್ರು ಡಾಕ್ಟರ್" ಎಂದಷ್ಟೇ ಹೇಳಿ ಹೊರಗೆ ಹೋದ.

ಆಮ್ರಪಾಲಿ ಸತ್ಯಮ್ಮನ ಮುಂದೆ ನೆಲದ ಮೇಲೆ ಕೂತಳು.

"ಅವ್ವಾ, ಅದನ್ನ ಚಾಲು ಇಟ್ಟು ಕೂಡಬಾರದಿತ್ತು. ನನಗ ಗೊತ್ತಿತ್ತು. ಬಿಸಿ ಆಗಿ ಏಳಲಿಲ್ಲ ಅದು."

ಸತ್ಯಮ್ಮ ಅವಳ ಕಡೆ ತಿರುಗಿದಳು. "ಅದು ಬಿಸಿ ಆಗಿತ್ತು, ಖರೇ. ಮೋಟರ್‌ಸೈಕಲ್ ಬಿಸಿ ಆಗಿದ್ದಿಲ್ಲಲ್ಲವ್ವ. ಅಷ್ಟೊಂದು ನಿಂತಿದ್ದುವು. ನಾ ಎಲ್ಲಾರ ಮಾರಿ ನೋಡ್ದೆ. ಒಬ್ಬರೂ ಕಿಲ್ಲಿ ತಿರುವಲಿಲ್ಲ."

"ತಡೀರಿ ಅಂದಾಕಿ ನಾನs, ಅವ್ವಾ. ಮೂರು ಸಲ ಅಂದೆ."

ದೊಡ್ಡಿಯಲ್ಲಿ ಒಂದು ಮರಿ ಒದರುತ್ತಿತ್ತು. ಅದು ಸುಮ್ಮನಾದ ಮೇಲೆ ಸತ್ಯಮ್ಮ ಕೇಳಿದಳು:

"ಮ್ಯಾಲಿಂದ ನೋಡ್ದಾಗ ಅವ ಅಲುಗಾಡ್ತಿದ್ನೇನು? ಕೈ ಗೀ ಎತ್ತಿದ್ನೇನು?"

ಎತ್ತಿದ್ದರು ಎಂದುಬಿಡೋಣ ಎನಿಸಿತು ಆಮ್ರಪಾಲಿಗೆ. ಆ ಮುದುಕಿಗೆ ಅಷ್ಟಾದರೂ ಕೊಡಬಹುದಿತ್ತು.

"ಇಲ್ಲವ್ವಾ" ಎಂದಳು. "ಕಾಲಷ್ಟs ಕಂಡ್ವು. ನಾಯಿ ಮಾತ್ರ ಅವರನ್ನ ಬಿಟ್ಟು ಹೋಗಿದ್ದಿಲ್ಲ."

ಸತ್ಯಮ್ಮ ತಲೆಯಾಡಿಸಿದಳು. ಗೋಡೆಗೆ ಕೈ ಕೊಟ್ಟು ಎದ್ದು, ಒಲೆಯ ಮೇಲೆ ಚಹಕ್ಕೆ ನೀರಿಟ್ಟಳು. ಆಮ್ರಪಾಲಿ ಬೇಡವೆನ್ನಲಿಲ್ಲ. ಒಲೆಯ ಪಕ್ಕ ಹೋಗಿ ಕೂತು ಬಟ್ಟಲುಗಳನ್ನು ತೊಳೆದಳು.