ಕೆಂಪಾಗದ ನೀರು

ಬಣ್ಣವೇ ಇಲ್ಲ, ಬಗ್ಗಿ ನೋಡುತ್ತೇನೆ, ಆಸ್ಪತ್ರೆಯ ಪಾಯಿಖಾನೆಯ ಬಿಳಿ ಪಿಂಗಾಣಿಯಲ್ಲಿ ಬರೀ ನೀರು, ಕೆಂಪು ಮದ್ದು ಏರಿಸಿದ ದಿನ ಮೂತ್ರ ಕೆಂಪಾಗಬೇಕು, ಮೊದಲ ಸಲ ರಕ್ತವೆಂದು ಕಿರುಚಿದ್ದೆ, ಅಕ್ಕ ಬಾಗಿಲಾಚೆ ನಿಂತು ನಕ್ಕಿದ್ದಳು, ಹೆದರ್ಬೇಡ ಕಣೇ, ಮದ್ದಿನ ಬಣ್ಣ ಅದು, ಒಳಗೆ ಕೆಲಸ ನಡೀತಿದೆ ಅಂತ ಲೆಕ್ಕ — ನನ್ನ ಒಡಹುಟ್ಟಿದವಳು, ಇದೇ ವಾರ್ಡಿನ ನರ್ಸು — ಹಾಗಾದರೆ ಇವತ್ತು ಕೆಲಸ ನಡೆದಿಲ್ಲವೇ, ಹೋದ ಸಲವೂ ಹೀಗೇ ಇತ್ತು, ಕೇಳಿದರೆ ನೀರು ಜಾಸ್ತಿ ಕುಡ್ದಿದೀಯ ಅದಕ್ಕೇ ಅಂದಳು, ನಂಬಿದೆ, ವಾಂತಿ ಬರಲಿಲ್ಲ, ಮದ್ದು ಮೈಗೆ ಒಗ್ಗಿತೆಂದು ಹಿಗ್ಗಿದೆ, ದಡ್ಡಿ, ಉದುರಿದ ಕೂದಲು ಮೊಳೆಯುತ್ತಿತ್ತು, ಗಂಡ ತಲೆ ಸವರಿ ಹುಲ್ಲು ಚಿಗುರ್ತಿದೆ ಕಣೇ ಅಂದ, ನಕ್ಕೆ, ಅವನ ಕಣ್ಣು ಗೋಡೆಯ ಮೇಲಿತ್ತು, ಇತ್ತ ತೊಡೆಯ ಗಡ್ಡೆ ಬೆಳೆಯುತ್ತಲೇ ಇದೆ, ಎಡ ತೊಡೆ, ಕ್ಲಚ್ ಒತ್ತುವ ಕಾಲು, ಬಸ್ ಓಡಿಸೋರಿಗೆ ಸ್ನಾಯು ಹಿಡ್ಕೊಳ್ಳುತ್ತೆ ಎಂದು ಡಿಪೋದ ಡಾಕ್ಟರು ಮುಲಾಮು ಕೊಟ್ಟೇ ಕಾಲ ಕಳೆದರು, ಆಮೇಲೆ ಇಲ್ಲಿನ ದೊಡ್ಡ ಡಾಕ್ಟರು, ಮಾಂಸದೊಳಗೆ ಹುಟ್ಟೋ ಕ್ಯಾನ್ಸರಮ್ಮ, ಅಪರೂಪದ್ದು, ಅಪರೂಪವಂತೆ, ಬಹುಮಾನ ಬಂದ ಹಾಗೆ, ಇದಕ್ಕಿರೋ ಮದ್ದೇ ಕಡಿಮೆ, ಮೊದಲು ಈ ಕೆಂಪು ಮದ್ದು, ಅದಕ್ಕೆ ಬಗ್ಗದಿದ್ರೆ ಮಾತ್ರೆ, ಅದು ಎಲ್ಲರ ಮೈಗೂ ಆಗಿಬರಲ್ಲ — ಅವತ್ತೇ ಹೇಳಿದ್ದೆ, ಡಾಕ್ಟರು, ಅಕ್ಕ, ಗಂಡ, ಮೂವರ ಮುಖ ನೋಡಿ, ಬಗ್ಗದಿದ್ರೆ ಮೊದಲು ನಂಗೆ ಹೇಳಿ, ಮಾತ್ರೆ ನುಂಗ್ತೀನೋ ಬಿಡ್ತೀನೋ ನನ್ನಿಷ್ಟ, ಮೂವರೂ ತಲೆಯಾಡಿಸಿದರು.

ಹೋದ ಸಲಕ್ಕೂ ಮೊದಲು, ಸ್ಕ್ಯಾನ್ ಆದ ದಿನ ಕಾರಿಡಾರಿನಲ್ಲಿ ಅದೇ ಮೂವರು, ನಾನು ಹತ್ತಿರ ಬಂದೊಡನೆ ಮಾತು ನಿಂತಿತು, ಎಲ್ಲಾ ಚೆನ್ನಾಗಿದೆ ಅಂದರು ಡಾಕ್ಟರು, ಗಡ್ಡೆ ಬಗ್ಗಿಲ್ಲವೆಂದು ಅವತ್ತೇ ಕಂಡಿರಬೇಕು, ಬ್ರೇಕು ಹೋದದ್ದು ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತು, ಡ್ರೈವರಿಗೆ ಮಾತ್ರ ಗೊತ್ತಾಗಬಾರದು, ಪಾಪ, ಹೆದರಿಕೊಳ್ಳುತ್ತಾಳೆ, ಯಾರಪ್ಪನ ಮೈ ಇದು, ಯಾರ ಸಾವು, ಕರುಣೆಯಂತೆ, ಬದುಕಿರುವ ಹೆಂಗಸನ್ನು ತೊಟ್ಟಿಲಿಗೆ ಹಾಕಿ ತೂಗುವುದಕ್ಕೆ ಕರುಣೆ ಎಂಬ ಹೆಸರು, ಕೆಂಪು ಮದ್ದಿನ ಬದಲು ಬರೀ ಉಪ್ಪುನೀರು ಏರಿಸಿ, ಮಾತ್ರೆ ನುಂಗಬಹುದಾಗಿದ್ದ ವಾರಗಳನ್ನೆಲ್ಲ ಅದರಲ್ಲಿ ತೊಳೆದುಬಿಟ್ಟಿರಿ, ನನ್ನನ್ನೊಂದು ಮಾತು ಕೇಳದೆ — ಮುಗೀತಾ, ಅಕ್ಕ ಬಾಗಿಲು ತಟ್ಟುತ್ತಿದ್ದಾಳೆ, ತಲೆ ಸುತ್ತುತ್ತಾ, ಒಳಗೆ ಬರ್ಲಾ ಪುಟ್ಟಿ, ಬೇಡ, ಬರಬೇಡ, ಬೆಳಕು ತಾಗಿದರೆ ಕೆಂಪು ಮದ್ದು ಕೆಡುತ್ತದೆ, ಅದಕ್ಕೇ ಚೀಲಕ್ಕೂ ನಳಿಕೆಗೂ ಕಪ್ಪು ಹೊದಿಕೆ, ಇಲ್ಲಿನ ಪದ್ಧತಿ, ಯಾರೂ ಎತ್ತಿ ನೋಡುವಂತಿಲ್ಲ, ಉಪ್ಪುನೀರಿಗೆ ಬೆಳಕಿನ ಭಯವೇನಿದೆ, ಆದರೂ ಬೆಳಿಗ್ಗೆ ಹೊದಿಸಿದಳು, ದಾರ ಸುತ್ತಿದಳು, ಒಂದು ಗಂಟು, ಸಾಲದೆಂದು ಅದರ ಮೇಲೆ ಇನ್ನೊಂದು, ಬಿಚ್ಚಿಹೋಗದಂತೆ ಹೆಬ್ಬೆರಳಿನಿಂದ ಒತ್ತಿ, ಒತ್ತಿಕೊಂಡೇ ನನ್ನತ್ತ ತಿರುಗಿ ನಕ್ಕಳು, ಎಷ್ಟು ಅಕ್ಕರೆಯಿಂದ, ಪುಟ್ಟೀ, ಬಾಗಿಲು ತೆಗಿಯೇ, ಬರೀ ನೀರಿಗೆ ಕಪ್ಪು ಹೊದಿಕೆ, ಗಂಟು, ಗಂಟಿನ ಮೇಲೆ ಗಂಟು, ಅದರ ಮೇಲೆ ಅಕ್ಕನ ಹೆಬ್ಬೆರಳು