ತೂಕದ ಸಾಹೇಬರ ಏಳು ಅಡಿ

ತೂಕದ ಸಾಹೇಬರ ಕೋಟಿನ ಬಲಭಾಗ ಎಡಭಾಗಕ್ಕಿಂತ ಎರಡು ಬೆರಳಷ್ಟು ಕೆಳಗೆ ಜೋತಿರುತ್ತಿತ್ತು. ಆ ಜೇಬಿನಲ್ಲಿ ಅರ್ಧ ಕೆ.ಜಿ.ಯ ಹಿತ್ತಾಳೆಯ ಬಟ್ಟೊಂದು ಸದಾ ಇರುತ್ತಿದ್ದುದೇ ಅದಕ್ಕೆ ಕಾರಣ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೈದು ವರ್ಷ ಇನ್ಸ್‌ಪೆಕ್ಟರರಾಗಿದ್ದು ನಿವೃತ್ತರಾದ ಮೇಲೂ, ಅಂಗಡಿಯಲ್ಲಿ ಸಕ್ಕರೆ ಕೊಳ್ಳುವ ಮುನ್ನ ಆ ಬಟ್ಟನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು, ಮುಳ್ಳು ನಿಶ್ಚಲವಾಗುವವರೆಗೆ ಉಸಿರು ಬಿಗಿಹಿಡಿದು ನೋಡಿ, ಆಮೇಲೆ ಚೀಲದ ಬಾಯಿ ಬಿಚ್ಚುತ್ತಿದ್ದರು. ಅಂಗಡಿಯವನು ಮುಖ ಸಿಂಡರಿಸಿದರೆ, “ಬೇಜಾರು ಮಾಡ್ಕೋಬೇಡಪ್ಪ, ಅನುಮಾನ ನಿನ್ನ ಮೇಲಲ್ಲ, ತಕ್ಕಡಿ ಮೇಲೆ” ಎನ್ನುತ್ತಿದ್ದರು. ತಕ್ಕಡಿಯನ್ನು ಅಲ್ಲಿ ಇಟ್ಟವರು ಯಾರು ಎಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ.

ಅವರ ನಡಿಗೆಯೂ ಒಂದು ಮಾಪನವೇ. ಹೆಜ್ಜೆಗೆ ಸರಿಯಾಗಿ ಮೂವತ್ತು ಇಂಚು. ಕೆಸರಿರಲಿ, ಮೆಟ್ಟಿಲಿರಲಿ, ಎದುರಿಗೆ ಬಸ್ಸೇ ಬರಲಿ, ಅದು ಇಪ್ಪತ್ತೊಂಬತ್ತಾಗುತ್ತಿರಲಿಲ್ಲ. “ಇವರ ಜೊತೆ ಹೋಗೋದಕ್ಕೆ ವಾಕಿಂಗ್ ಅನ್ನಲ್ಲ, ಸರ್ವೆ ಅಂತಾರೆ” ಎಂದು ಅವರ ಪತ್ನಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಾ ನನಗೆ ಹೇಳುತ್ತಿದ್ದರು.

ಇಂಥ ಮನುಷ್ಯ ಫುಟ್‌ಬಾಲಿಗೆ ಹೇಗೆ ಮನಸೋತರೋ ತಿಳಿಯದು. ನಮ್ಮ ಕ್ಲಬ್ಬಿನ ಮೈದಾನದಲ್ಲಿ ಪೂರ್ವದ ಗೋಡೆಗೆ ಅಂಟಿಕೊಂಡು ಮೂರು ಸಿಮೆಂಟಿನ ಮೆಟ್ಟಿಲುಗಳಿವೆ. ಮೇಲೆ ಚಾವಣಿಯಿಲ್ಲ, ಕುರ್ಚಿಯಿಲ್ಲ. ನಿಂತು ನೋಡುವವರ ಜಾಗ ಅದು. ನಡುವಿನ ಮೆಟ್ಟಿಲಿನ ತುದಿ ಸಾಹೇಬರದು, ಪಕ್ಕದ್ದು ನನ್ನದು. ಮದುವೆಯಾದ ಹೊಸದರಲ್ಲಿ ಅವರು ಹೆಂಡತಿಯನ್ನು ಕರೆತಂದು ನಿಲ್ಲಿಸಿದ್ದು ಅಲ್ಲಿ. ತಂದೆಯನ್ನು ಕಳೆದುಕೊಂಡ ವಾರ ಬಂದು ತೊಂಬತ್ತು ನಿಮಿಷ ನಿಂತಿದ್ದೂ ಅಲ್ಲೇ. ರೆಫರಿಯ ಗಡಿಯಾರದ ಮೇಲೆ ನಂಬಿಕೆಯಿಲ್ಲದೆ ಎರಡೂ ಮಣಿಕಟ್ಟಿಗೆ ಒಂದೊಂದು ವಾಚು ಕಟ್ಟಿಕೊಂಡು ಬರುತ್ತಿದ್ದರು. ಒಮ್ಮೆ ಆಟ ನಲವತ್ತು ಸೆಕೆಂಡು ಮೊದಲೇ ಮುಗಿಯಿತೆಂದು ಫುಟ್‌ಬಾಲ್ ಒಕ್ಕೂಟಕ್ಕೆ ಪತ್ರ ಬರೆದರು. ಅಲ್ಲಿಂದ ಧನ್ಯವಾದದ ಉತ್ತರ ಬಂತು. ಆ ಧನ್ಯವಾದದ ಹಿಂದೆ ಏನಿರಬಹುದೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು.

ಹೀಗಿರುವಾಗ ಹೊರದೇಶದ ಕಂಪನಿಯೊಂದು ನಮ್ಮ ಕ್ಲಬ್ಬನ್ನು ಕೊಳ್ಳಲಿದೆಯೆಂಬ ಸುದ್ದಿ ಹಬ್ಬಿತು. ನಮ್ಮ ಚರ್ಚೆಗಳೆಲ್ಲ ನಡೆಯುತ್ತಿದ್ದುದು ಮೈದಾನದೆದುರಿನ ಕ್ಷೌರದಂಗಡಿಯಲ್ಲಿ. ಅದರ ಯಜಮಾನ ಮಾರಾಟದ ಪರವಾಗಿದ್ದ.

“ಹೊಸಬರು ಬಂದ್ರೆ ಒಬ್ಬ ಒಳ್ಳೆ ಗೋಲ್‌ಕೀಪರ್ ಆದ್ರೂ ಬರ್ತಾನೆ ಸಾಹೇಬ್ರೇ. ಈಗಿರೋನು ಚೆಂಡು ಬಂದ್ರೆ ಪಕ್ಕಕ್ಕೆ ಸರಿದು ದಾರಿ ಬಿಡ್ತಾನೆ” ಎಂದ, ನನ್ನ ಗಲ್ಲಕ್ಕೆ ನೊರೆ ಹಚ್ಚುತ್ತಾ.

“ನಮ್ಮೂರು ಎಲ್ಲಿದೆ ಅಂತ ಅವರಿಗೆ ಮೊನ್ನೆವರೆಗೂ ಗೊತ್ತಿರಲಿಲ್ಲ” ಎಂದರು ಸಾಹೇಬರು. “ಅಂಥವರಿಗೆ ಇದ್ದಕ್ಕಿದ್ದ ಹಾಗೆ ನಮ್ಮ ಮೇಲೆ ಯಾಕಪ್ಪ ಪ್ರೀತಿ?”

ನಾನೂ ಸಾಹೇಬರ ಪಕ್ಷದವನೇ. ಕ್ಲಬ್ಬಿನ ನಿಯಮದ ಪ್ರಕಾರ ಅಭಿಮಾನಿಗಳ ಸಂಘ ಬಹುಮತದಿಂದ ಒಪ್ಪದೆ ಮಾರಾಟ ನಡೆಯುವಂತಿರಲಿಲ್ಲ, ಮತದಾನ ಮುಂದಿನ ಭಾನುವಾರವಿತ್ತು. ಕಂಪನಿಯವರು ಹಂಚಿದ ಪ್ರಸ್ತಾವದ ಪ್ರತಿಯನ್ನು ಸಾಹೇಬರು ಭೂತಗನ್ನಡಿ ಹಿಡಿದು ಎರಡು ದಿನ ಓದಿದರು. ಮೈದಾನದ ಪೂರ್ತಿ ಉದ್ದ, ಪಶ್ಚಿಮದ ಗೋಡೆಯಿಂದ ಮುನ್ನೂರೈವತ್ತು ಅಡಿ ಅಗಲದ ಜಾಗವನ್ನು ಆಟಕ್ಕೂ ಪ್ರೇಕ್ಷಕರಿಗೂ ಶಾಶ್ವತವಾಗಿ ಮೀಸಲಿಡಲಾಗುವುದು, ಉಳಿದದ್ದು ಕಂಪನಿಯ ಇಚ್ಛೆಗೆ ಸೇರಿದ್ದು ಎಂದು ಅದರಲ್ಲಿತ್ತು.

ಗುರುವಾರ ಬೆಳಿಗ್ಗೆ ಅವರು ಮೈದಾನದ ಮಾಲಿಯ ಕೈಗೆ ಟೇಪಿನ ತುದಿ ಕೊಟ್ಟು ಗೋಡೆಯಿಂದ ಗೋಡೆಗೆ ಅಳೆದರು. ಮುನ್ನೂರೈವತ್ತೇಳು ಅಡಿ ಬಂತು. ಮತ್ತೆರಡು ಸಲ ಅಳೆದರೂ ಅಷ್ಟೇ. ಪ್ರಸ್ತಾವದಲ್ಲಿ ಏಳು ಅಡಿ ಕಾಣೆಯಾಗಿತ್ತು. ಪೂರ್ವದ ಮೂರು ಮೆಟ್ಟಿಲುಗಳ ಅಗಲ ಸರಿಯಾಗಿ ಏಳು ಅಡಿ. ಕ್ಷೌರದಂಗಡಿಗೆ ಬಂದ ಸಾಹೇಬರ ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವ ಗೆಲುವಿನ ದಿನವೂ ಕಂಡಿರಲಿಲ್ಲ.

“ಸಿಕ್ಕಿಬಿದ್ದರು. ನಾವು ನಿಲ್ಲೋ ಜಾಗನೇ ನುಂಗೋಕೆ ಹೊರಟಿದ್ದಾರೆ” ಎಂದರು.

ಸಂಜೆಯೊಳಗೆ ಊರಿಗೆ ಊರೇ ಅದನ್ನು ಆಡಿಕೊಳ್ಳತೊಡಗಿತು. ಕ್ಷೌರಿಕನೂ ಕತ್ತರಿ ಕೆಳಗಿಟ್ಟು, ತನ್ನ ಮತ ಮಾರಾಟದ ವಿರುದ್ಧವೆಂದು ಘೋಷಿಸಿದ. ಭಾನುವಾರದ ಫಲಿತಾಂಶ ಅಂದೇ ತೀರ್ಮಾನವಾದಂತಿತ್ತು.

ಸಾಹೇಬರು ಅಷ್ಟಕ್ಕೇ ಬಿಟ್ಟಿದ್ದರೆ! ಆದರೆ ಆಪಾದನೆಗೆ ದಾಖಲೆ ಬೇಡವೇ? ಕಂಪನಿಯವರ ಕೈಗೆ ಈ ಮುನ್ನೂರೈವತ್ತು ಎಲ್ಲಿಂದ ಬಂತೆಂದು ಹುಡುಕಲು ಶುಕ್ರವಾರ ನನ್ನನ್ನೂ ಕರೆದುಕೊಂಡು ಕ್ಲಬ್ಬಿನ ಕಚೇರಿಗೆ ಹೋದರು. ಗುಮಾಸ್ತೆ ಕಪಾಟಿನ ಮೇಲಿನಿಂದ ಒಂದು ಕಡತ ಇಳಿಸಿ, ಧೂಳು ಕೊಡವಿ, ಮೈದಾನದ ಹಳೆಯ ಅಳತೆಪತ್ರವನ್ನು ಬಿಡಿಸಿಟ್ಟಳು. ಅಗಲ ಮುನ್ನೂರೈವತ್ತು ಅಡಿ ಎಂದಿತ್ತು. ಇಪ್ಪತ್ತೆಂಟು ವರ್ಷ ಹಿಂದಿನ ತಾರೀಖು. ಕೆಳಗೆ, ಉದ್ದ ಬಾಲದ ಸಹಿ. ಕ್ಲಬ್ಬಿನವರು ಕೇಳಿಕೊಂಡರೆಂದು ಅಂದು ಅಳೆದುಕೊಟ್ಟವರು ತೂಕದ ಸಾಹೇಬರೇ.

ಅವರು ಭೂತಗನ್ನಡಿ ತೆಗೆದು ಆ ಸಹಿಯ ಮೇಲೆ ಹಿಡಿದರು. ಗುಮಾಸ್ತೆ ಒಳಕೋಣೆಗೆ ಹೋದಾಗ ನಾನು ಮೆಲ್ಲಗೆ, “ಮುಚ್ಚಿಡಿ ಸಾಹೇಬ್ರೇ. ಭಾನುವಾರ ಒಂದು ಕಳೀಲಿ” ಎಂದೆ. ಹಾಗೆ ಹೇಳಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ. ಅವರು ಎದ್ದು ಹೊರಟರು. ದಾರಿಯುದ್ದಕ್ಕೂ ಅವರ ಹೆಜ್ಜೆ ಒಮ್ಮೆ ಗಿಡ್ಡ, ಒಮ್ಮೆ ಉದ್ದ.

ಮನೆಯಲ್ಲಿ ಮಂಚದ ಕೆಳಗಿನ ಟ್ರಂಕನ್ನು ಎಳೆದು ಐವತ್ತು ಅಡಿಯ ಹಳೆಯ ಉಕ್ಕಿನ ಟೇಪನ್ನು ಹೊರತೆಗೆದರು. ಅಂದು ಮೈದಾನದವರ ಟೇಪನ್ನು ನಂಬದೆ ತಮ್ಮ ಕಚೇರಿಗೆ ಹೊಸದಾಗಿ ಬಂದಿದ್ದ ಈ ಟೇಪನ್ನೇ ಒಯ್ದಿದ್ದರಂತೆ. ಅದು ಹಳತಾಗಿ ಲೆಕ್ಕದಿಂದ ಹೊರಬಿದ್ದಾಗ ಮನೆಗೆ ತಂದಿಟ್ಟುಕೊಂಡಿದ್ದರು. ಅವರು ಬಳಸಿ ಬಲ್ಲ ಟೇಪುಗಳಲ್ಲೆಲ್ಲ ತುದಿಯಲ್ಲಿ ಹಿಡಿಯಲು ಇರುವ ಲೋಹದ ಬಳೆಯಿಂದಲೇ ಸೊನ್ನೆ ಆರಂಭವಾಗುತ್ತಿತ್ತು. ಇದರಲ್ಲಿ ಮಾತ್ರ ಬಳೆಯ ನಂತರ ಒಂದು ಅಡಿ ಖಾಲಿ ಬಿಟ್ಟು ಆಮೇಲೆ ಸೊನ್ನೆ ಇತ್ತು. ಅವರು ಎಂದಿನಂತೆ ಬಳೆಯನ್ನು ಮೊದಲು ಗೋಡೆಗೆ, ಆಮೇಲೆ ಪ್ರತಿ ಗುರುತಿಗೆ ಒತ್ತಿ ಹಿಡಿಸಿದ್ದರು. ಟೇಪು ಹಾಸಿದ್ದು ಏಳು ಸಲ, ಪ್ರತಿ ಸಲವೂ ಒಂದು ಅಡಿ ಲೆಕ್ಕಕ್ಕೆ ಬರದೆ ಹೋಗಿತ್ತು.

“ಇಲಾಖೆ ಮೊಹರು ಇತ್ತು. ಅದಕ್ಕೇ ನೋಡಲಿಲ್ಲ” ಎಂದರು, ಖಾಲಿ ಅಡಿಯ ಮೇಲೆ ಬೆರಳಾಡಿಸುತ್ತಾ. ಜೀವನದಲ್ಲಿ ಅವರು ಪರೀಕ್ಷಿಸದೆ ನಂಬಿದ್ದ ಒಂದೇ ಒಂದು ವಸ್ತು ಅದು.

ಬಾಗಿಲಲ್ಲಿ ನಿಂತಿದ್ದ ಪತ್ನಿ, “ಬೇರೆಯವರ ತಪ್ಪಾಗಿದ್ರೆ ಇಷ್ಟು ಹೊತ್ತಿಗೆ ನೋಟೀಸು ಬರೆದು ಮುಗಿಸ್ತಿದ್ರಿ, ಅಲ್ವಾ?” ಎಂದಷ್ಟೇ ಹೇಳಿ ಒಳಗೆ ಹೋದರು.

ಭಾನುವಾರ ಸಭೆ ಕಿಕ್ಕಿರಿದಿತ್ತು. ಕಂಪನಿಯ ಪರವಾಗಿ ಒಬ್ಬ ಹೆಂಗಸು ದುಭಾಷಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬಂದಿದ್ದಳು. ಅವಳನ್ನು ಕಂಡೊಡನೆ “ಕಳ್ಳರು” ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. ಸಾಹೇಬರು ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು.

“ಇವರು ಮೋಸ ಮಾಡಿಲ್ಲ” ಎಂದರು. ಆಮೇಲೆ, “ಈ ಒಂದು ವಿಷಯದಲ್ಲಿ” ಎಂದು ಸೇರಿಸಿದರು. “ಮೈದಾನ ತಪ್ಪಾಗಿ ಅಳೆದವನು ನಾನು. ಇಪ್ಪತ್ತೆಂಟು ವರ್ಷದಿಂದ ಆ ತಪ್ಪಿನ ಮೇಲೇ ನಿಂತು ಆಟ ನೋಡ್ತಿದ್ದೀನಿ.”

ಕ್ಷೌರಿಕ ತಲೆ ತಗ್ಗಿಸಿ ಕೂತ. ಅಂಗಡಿಯ ತಟ್ಟೆಯ ಮೇಲೆ ಹಿತ್ತಾಳೆಯ ಬಟ್ಟಿಟ್ಟು ಊರನ್ನೆಲ್ಲ ಹೆದರಿಸಿದ್ದ ಮನುಷ್ಯ ಹಾಗೆ ನಿಂತದ್ದನ್ನು ನೋಡಲು ನನಗೂ ಕಷ್ಟವಾಯಿತು. ಕಂಪನಿಯ ಹೆಂಗಸು ಮಾತ್ರ ಹಗುರಾಗಿ ನಕ್ಕು, ಇದು ಸಣ್ಣ ವಿಷಯ, ಮುಂದೆ ನಿಧಾನವಾಗಿ ತಿದ್ದಿಕೊಳ್ಳೋಣ ಎಂದು ದುಭಾಷಿಯ ಮೂಲಕ ಹೇಳಿಸಿದಳು.

“ಸಣ್ಣ ವಿಷಯ ಅಂದ್ರಲ್ಲ, ಅದು ನನಗೆ ಹಿಡಿಸಲಿಲ್ಲ. ಬನ್ನಿ ಮೈದಾನಕ್ಕೆ” ಎಂದರು ಸಾಹೇಬರು.

ಸಭೆಗೆ ಸಭೆಯೇ ಎದ್ದು ಹೊರಟಿತು. ಪಶ್ಚಿಮದ ಗೋಡೆಯ ಬಳಿ ಆ ಹೆಂಗಸಿನ ಕೈಗೆ ಟೇಪಿನ ತುದಿ ಕೊಟ್ಟು, ಸೊನ್ನೆ ಎಲ್ಲಿದೆಯೆಂದು ಅವಳಿಂದಲೇ ಹೇಳಿಸಿ, ಆಮೇಲೆ ಅಳೆದರು. ಮುನ್ನೂರೈವತ್ತೇಳು. ಪ್ರಸ್ತಾವದಲ್ಲಿ ಅಂಕಿಯನ್ನು ತಿದ್ದಿಸಿ, ಮೂರು ಮೆಟ್ಟಿಲುಗಳನ್ನು ಹೆಸರಿಸಿ ಬರೆಸಿ, ಸಹಿ ಹಾಕಿಸಿದರು. ಶಾಯಿ ಒಣಗಿದ ಮೇಲೆ ಮತದಾನ ನಡೆಯಿತು. ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಸಾಹೇಬರು ವಿರುದ್ಧವಾಗಿ ಮತ ಹಾಕಿದರು.

“ಇನ್ನೂ ಅನುಮಾನನಾ?” ಎಂದು ಕೇಳಿದೆ.

“ತಪ್ಪು ಒಪ್ಪಿಕೊಂಡೆ, ಅಷ್ಟೇ. ಅವರನ್ನು ನಂಬ್ತೀನಿ ಅಂದೆನಾ?”

ಈಗ ಕ್ಲಬ್ಬಿಗೆ ಹೊಸ ಯಜಮಾನರು, ಹೊಸ ಗೋಲ್‌ಕೀಪರ್. ಪಶ್ಚಿಮದ ಕಡೆ ಬಣ್ಣದ ಕುರ್ಚಿಗಳು ಬಂದಿವೆ. ಪೂರ್ವದಲ್ಲಿ ನಾವು ಮೊದಲಿನಂತೆ ನಿಲ್ಲುತ್ತೇವೆ. ಪ್ರತಿ ಆಟಕ್ಕೂ ಮುನ್ನ ಸಾಹೇಬರು ಮೆಟ್ಟಿಲುಗಳ ಅಗಲವನ್ನು ಅಳೆಯುತ್ತಾರೆ. ಅದಕ್ಕೂ ಮೊದಲು, ಕನ್ನಡಕ ಏರಿಸಿ, ಟೇಪಿನ ಮೊದಲ ಅಡಿಯನ್ನು ನೋಡುತ್ತಾರೆ.

ಸಂಶಯದ ಜನ ಎಲ್ಲ ಊರಿನಲ್ಲೂ ಇದ್ದಾರೆ, ಅವರನ್ನು ಕಂಡರೆ ನಾವು ಮೂಗು ಮುರಿಯುತ್ತೇವೆ. ಅವರಲ್ಲಿ ಹೆಚ್ಚಿನವರ ಸಂಶಯ ತಮ್ಮ ಮನೆಯ ಹೊಸಿಲವರೆಗೆ ಬಂದು ಹಿಂತಿರುಗಿಬಿಡುತ್ತದೆ. ಅಪರೂಪಕ್ಕೊಬ್ಬರು ಅದನ್ನು ಒಳಗೆ ಕರೆದು, ತಮ್ಮ ಎದುರಿಗೇ ಕೂರಿಸಿಕೊಳ್ಳುತ್ತಾರೆ. ಅಂಥವರ ಪಕ್ಕದಲ್ಲಿ ಬಾಳುವುದು ಸುಲಭವಲ್ಲ. ಆದರೆ ನಮಗೆ ನಿಲ್ಲಲು ಇನ್ನೂ ಜಾಗ ಉಳಿದಿದ್ದರೆ, ಅದು ಅಂಥವರು ಎರಡನೆಯ ಸಲ ಅಳೆದದ್ದರಿಂದ.